ಉಚ್ಚಂಗೆಮ್ಮ ಬರೆಸಿದ ಎರಡನೆಯ ಪತ್ರ

ಗುರುಶಾಂತ ಕೂಡ್ಲಿಗಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದ. ತನ್ನ ನೌಕರಿಯ ಅರ್ಜಿ ಒಂದಕ್ಕೂ ಉತ್ತರ ಬಾರದಿದ್ದರೂ, ಊರವರ ಅರ್ಜಿ ಬರೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದ.

ಉಚ್ಚಂಗೆಮ್ಮನ ಮಗಳು ಅಮೃತಾಳಿಗೆ, ತಿಂದ ಅನ್ನವೇ ಮೈಯಲ್ಲಿ ವಿಷವಾಗುವ ಅಪರೂಪದ ಕಾಯಿಲೆ. ಇನ್ನೂ ಪ್ರಯೋಗದಲ್ಲಿದ್ದ ಔಷಧಿಯೊಂದನ್ನು ಕಂಪನಿಯವರು ಬೇರೆ ದಾರಿಯೇ ಇಲ್ಲದ ಮಕ್ಕಳಿಗೆ ಕೊಡುತ್ತಿದ್ದರು. ಡಾಕ್ಟರ ಅರ್ಜಿಯ ಜೊತೆ ಮನೆಯವರ ಪತ್ರವೂ ಬೇಕಿತ್ತು. ಅದನ್ನು ಬರೆಸುವಾಗ, ಮಕ್ಕಳ ಬಗ್ಗೆ ಕೆಟ್ಟದ್ದು ಆಡಬಾರದೆಂದು ಉಚ್ಚಂಗೆಮ್ಮ, "ಆರಾಮ ಅದಾಳಪಾ, ಒಂದೀಟು ಸುಸ್ತು ಅಷ್ಟ" ಎಂದಿದ್ದಳು. ಗುರುಶಾಂತ "ಲವಲವಿಕೆಯ ಹುಡುಗಿ" ಎಂದೂ ಸೇರಿಸಿ ಪತ್ರವನ್ನು ಚೆಂದಗಾಣಿಸಿದ್ದ.

ಮಗುವಿನ ಸ್ಥಿತಿ ಅಷ್ಟು ಗಂಭೀರವಿಲ್ಲ, ಔಷಧಿ ಕೊಡಲಾಗದು ಎಂದು ಕಂಪನಿಯಿಂದ ಉತ್ತರ ಬಂತು. ಗುರುಶಾಂತ ಬರೆದದ್ದನ್ನು ಅಕ್ಷರಶಃ ನಂಬಿದವರು ಆ ಕಂಪನಿಯವರು ಮಾತ್ರ.

"ಇನ್ನೊಮ್ಮೆ ಬರಿಯಾಕ ಅವಕಾಶ ಐತಂತ ಯಕ್ಕಾ. ಈ ಸಲ ಇದ್ದದ್ದು ಇದ್ದಂಗ ಹೇಳು," ಎಂದ ಗುರುಶಾಂತ, ತಲೆ ಎತ್ತದೆ.

ಉಚ್ಚಂಗೆಮ್ಮ ಮಡಿಲಲ್ಲಿದ್ದ ಮಗಳ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿದಳು. ಫಿಟ್ಸ್ ಬರುವುದು, ನಡೆಯುವುದನ್ನೇ ಮರೆತದ್ದು, ಹೋದ ತಿಂಗಳು ಎರಡು ದಿನ ಕಣ್ಣು ಬಿಡದೆ ಮಲಗಿದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು.

"ಇಷ್ಟಾದ್ರ ಕೊಡ್ತಾರೇನಪಾ, ಇನ್ನೂ ಹೇಳ್ಬೇಕಾ?"

"ಹೇಳು ಯಕ್ಕಾ," ಎಂದ ಗುರುಶಾಂತ.