ಚಿತ್ರಗಾರ್ತಿಯ ಹೆಸರಿನ ಹಬ್ಬ

ಅವರ ಬಲಗೈ ಹೆಬ್ಬೆರಳಿನ ಉಗುರಿನಡಿಯಲ್ಲಿ ಯಾವಾಗಲೂ ನೀಲಿ ಬಣ್ಣವಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದು. ನ್ಯೂಯಾರ್ಕಿನ ಹತ್ತಿರ, ವುಡ್‌ಬ್ರಿಡ್ಜ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು. ಗ್ರೀಸ್‌ನಿಂದ ಬಂದ ಚಿತ್ರಗಾರ್ತಿ. ಒಂದು ಕಾಲಕ್ಕೆ ನ್ಯೂಯಾರ್ಕಿನ ಗ್ಯಾಲರಿಗಳಲ್ಲಿ ಅವರ ಚಿತ್ರಗಳಿದ್ದವಂತೆ. ಆಮೇಲೆ ಜನರ ರುಚಿ ಬದಲಾಯಿತು, ಇವರು ಬದಲಾಗಲಿಲ್ಲ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ಹೊಟ್ಟೆ ಹೊರೆದುಕೊಂಡರು. ಅವರ ಚಿತ್ರಗಳಲ್ಲಿ ಮರವಿಲ್ಲ, ಮುಖವಿಲ್ಲ. ಬರೀ ಬಿಳಿಯ ಮೇಲೆ ಬಿಳಿ. ಬರೆದು ಮುಗಿಸಿದ್ದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿಬಿಡುತ್ತಿದ್ದರು.

ಪ್ರತಿ ಚಳಿಗಾಲದಲ್ಲಿ ಒಂದು ದಿನ ಅವರ ಬಾಗಿಲು ತೆರೆದಿರುತ್ತಿತ್ತು. ಬೆಣ್ಣೆ ಬಿಸ್ಕತ್ತಿನ ಘಮ ಮೆಟ್ಟಿಲವರೆಗೂ ಬರುತ್ತಿತ್ತು.

"ಗೆಸ್ಟ್ಸ್ ಬರೋರಿದ್ದಾರೆ ಅನ್ಸುತ್ತೆ, ಡಿಸ್ಟರ್ಬ್ ಮಾಡೋದು ಬೇಡ ಕಣೆ" ಎನ್ನುತ್ತಿದ್ದರು ನಮ್ಮ ಯಜಮಾನರು. ಅರಿಶಿನ ಕುಂಕುಮಕ್ಕೂ ಮನೆಗೆ ಬಂದು ಕರೆದರೇ ಹೋಗುವ ಬಿಗುಮಾನದವರು ನಾವು. ಸದ್ದಾಗದಂತೆ ಮೆಟ್ಟಿಲು ಹತ್ತಿಬಿಡುತ್ತಿದ್ದೆವು.

ಒಂದು ವರ್ಷ ಅದೇ ದಿನ, ತಪ್ಪಿ ನಮ್ಮ ಮನೆಗೆ ಬಂದಿದ್ದ ಅವರ ಪಾರ್ಸೆಲ್ ಕೊಡಲು ಹೋದೆ. ರೇಷ್ಮೆ ಉಡುಪು ತೊಟ್ಟು ಒಬ್ಬರೇ ಕೂತಿದ್ದರು. ತಟ್ಟೆಗಳು ತುಂಬಿದ್ದವು. ಚಿತ್ರಗಳೆಲ್ಲ ಕೋಣೆಯತ್ತ ಮುಖ ಮಾಡಿದ್ದವು.

"ಯಾರನ್ನ ಕರೆದಿದ್ದೀರಿ?" ಎಂದೆ.

"ಇವತ್ತು ನನ್ನ ಹೆಸರಿನ ಹಬ್ಬ, ನನಗೆ ಯಾವ ಸಂತರ ಹೆಸರಿಟ್ಟರೋ ಅವರ ದಿನ. ನಮ್ಮ ಕಡೆ ಇದಕ್ಕೆ ಕರೆಯೋದಿಲ್ಲ. ಬಾಗಿಲು ತೆಗೆದಿಡ್ತೀವಿ, ನೆನಪಿದ್ದವರು ಬರ್ತಾರೆ."

ಅಷ್ಟು ವರ್ಷ ಈ ಬಾಗಿಲ ಮುಂದೆಯೇ ಮರ್ಯಾದೆಯಿಂದ ದಾಟಿ ಹೋಗಿದ್ದೆವು. ಕೂತು, ಒಂದು ಚಿತ್ರ ತೋರಿಸಿ ಏನಿದು ಎಂದೆ. "ಕೇಳಬೇಡ, ನೋಡು" ಎಂದರು. ಮುಂದಿನ ಸಲ ಎಲ್ಲರಿಗೂ ಹೇಳುತ್ತೇನೆಂದರೆ ಬೇಡವೆಂದು ತಲೆಯಾಡಿಸಿಬಿಟ್ಟರು. "ಕರೆಸಿಕೊಂಡು ಬಂದರೆ ಬಂದ ಹಾಗಲ್ಲ."

ಮರುವರ್ಷದ ಹಬ್ಬಕ್ಕೆ ಅವರು ಆಸ್ಪತ್ರೆಯಲ್ಲಿದ್ದರು. ಬೀಗದ ಕೈ ನನ್ನ ಕೈಗಿಟ್ಟು, "ಬಾಗಿಲು ತೆಗೆದಿಡು. ಚಿತ್ರಗಳನ್ನ ತಿರುಗಿಸಿಡು" ಎಂದರು. ಯಜಮಾನರು ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ನಾನು ರಜೆ ಹಾಕಿ, ಬಾಗಿಲು ತೆಗೆದು, ಚಿತ್ರಗಳನ್ನು ತಿರುಗಿಸಿಟ್ಟು ಚಿತ್ರಗಾರ್ತಿಯ ಕುರ್ಚಿಯಲ್ಲಿ ಕೂತೆ. ಹೆಜ್ಜೆ ಸದ್ದುಗಳು ಬಾಗಿಲ ಬಳಿ ಮೆಲ್ಲಗಾಗಿ ಮೇಲಕ್ಕೆ ಹೋಗುತ್ತಿದ್ದವು. ಇಷ್ಟು ಒಂಟಿತನವನ್ನು ಅವರು ಹೇಗೆ ಸಹಿಸಿದರೋ ಎಂದು ಅಳು ಬಂತು. ಮಾಡಲು ಬೇರೇನೂ ಇಲ್ಲದೆ, ಎದುರಿಗಿದ್ದ ಚಿತ್ರವನ್ನೇ ನೋಡುತ್ತಾ ಉಳಿದೆ.

ಸಂಜೆ ಆಸ್ಪತ್ರೆಗೆ ಹೋದಾಗ, "ಯಾರು ಬಂದಿದ್ದರು?" ಎಂದರು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ನಾನೊಬ್ಬಳೇ" ಎಂದೆ.

"ಏನು ನೋಡಿದೆ?"

"ಕಿಟಕಿ ಪಕ್ಕದ್ದು. ಬೆಳಿಗ್ಗೆ ಬರೀ ಬಿಳಿ. ಬಿಸಿಲು ಇಳೀತಾ ಒಳಗಿಂದ ಕೆಂಪು ಎದ್ದು ಬಂತು."

ನೀಲಿ ಉಗುರಿನ ಕೈಯೂರಿ ಎದ್ದು ಕೂತರು.

"ಅದರಡಿ ಕೆಂಪಿದೆ ಅಂತ ಇವತ್ತಿನವರೆಗೂ ಯಾರಿಗೂ ಕಂಡಿರಲಿಲ್ಲ" ಎಂದರು.

ಆ ವಾರವೇ ತೀರಿಕೊಂಡರು.