ಮೇಷ್ಟ್ರ ಕಾಂಗೋ ನದಿ

ಇದನ್ನು ಹೇಳುವುದನ್ನು ಹನ್ನೆರಡು ವರ್ಷಗಳಿಂದ ಮುಂದಕ್ಕೆ ಹಾಕುತ್ತಾ ಬಂದೆ. ಕಣ್ಣಿನ ಆಪರೇಷನ್ ಮುಗಿಯಲಿ, ಮೊಮ್ಮಗಳ ಮದುವೆಯಾಗಲಿ ಎಂದು ಏನಾದರೊಂದು ನೆವ ಸಿಗುತ್ತಿತ್ತು. ಹೋದ ವಾರ ಯಲಹಂಕದಲ್ಲಿ ಮಗಳ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಕಾಯುತ್ತಿದ್ದಾಗ ಎದುರು ಮನೆಯ ಬಾಗಿಲಲ್ಲಿ ಒಂದು ಬಕೆಟ್ ಕಂಡಿತು. ಒಣಗಿದ ಬಾದಾಮಿ ಎಲೆಗಳನ್ನು ನೆನೆಹಾಕಿದ್ದರು. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆ ವಾಸನೆ... ಮಣ್ಣಿನದೂ ಅಲ್ಲ, ಟೀಪುಡಿಯದೂ ಅಲ್ಲ. "ಫಿಶ್ ಟ್ಯಾಂಕಿಗೆ, ಅಂಕಲ್" ಎಂದ ಆ ಮನೆಯಾತ. ನಾನು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದೆ.

ಆಗ ನಾವು ಗಂಗಾನಗರದಲ್ಲಿದ್ದೆವು. ನನ್ನದು ವೈರಿಂಗ್ ಕೆಲಸ. ಪಕ್ಕದ ಹಳೆಯ ಮನೆಯಲ್ಲಿ ರಿಟೈರಾದ ಭೂಗೋಳದ ಮೇಷ್ಟ್ರು, ಅವರ ಮಗ, ಸೊಸೆ. ಮೇಷ್ಟ್ರು ಸತ್ತದ್ದು ನನ್ನ ಕೈಯಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ಮೂವತ್ತು ವರ್ಷ ಆಫ್ರಿಕಾದ ನಕ್ಷೆ ಬರೆದು ತೋರಿಸಿದವರು ಒಮ್ಮೆಯೂ ಅಲ್ಲಿಗೆ ಹೋದವರಲ್ಲ. ಭೂಮಧ್ಯರೇಖೆಯನ್ನು ಎರಡು ಸಲ ದಾಟುವ ಕಾಂಗೋ ನದಿಯ ಒಂದು ತುಂಡನ್ನು ನಡುಮನೆಯಲ್ಲಿ ಇಡುತ್ತೇನೆಂದು ಹೊರಟರು. ನಾಲ್ಕು ಅಡಿಯ ಗಾಜಿನ ತೊಟ್ಟಿ ಎರಡು ತಿಂಗಳು ಬರಿದಾಗಿಯೇ ಇತ್ತು. ಗ್ರಾಫ್ ಹಾಳೆಯ ಮೇಲೆ ಯಾವ ಕೊರಡು ಎಲ್ಲಿ, ಯಾವ ಕಲ್ಲು ಎಲ್ಲಿ, ನೀರು ಯಾವ ಕಡೆಯಿಂದ ಹರಿಯಬೇಕು ಎಂದು ಬರೆದರು, ಅಳಿಸಿದರು. ಅನುಬಿಯಾಸ್ ಅನ್ನುವ ದಪ್ಪ ಎಲೆಯ ಗಿಡವನ್ನು ಮರಳಿನಲ್ಲಿ ನೆಡಬಾರದಂತೆ, ಬೇರು ಕೊಳೆಯುತ್ತದಂತೆ. ಅವನ್ನು ಕೊರಡಿಗೆ ಹೊಲಿಗೆ ದಾರದಿಂದ ಕಟ್ಟಿಕೊಟ್ಟವಳು ಸೊಸೆ.

"ಮಾವ, ಒಂದೇ ಒಂದು ಗೋಲ್ಡ್ ಫಿಶ್ ಬಿಡೋಣ. ನೋಡೋಕೆ ಚೆನ್ನಾಗಿರುತ್ತೆ" ಎಂದಳು.

"ಅದು ಚೀನಾದ್ದಮ್ಮ. ಕಾಂಗೋಗೆ ವೀಸಾ ಸಿಗಲ್ಲ."

"ಬಾದಾಮಿ ಎಲೆಗೆ ಸಿಕ್ತಾ? ಅದು ನಮ್ಮ ರಸ್ತೆದು."

"ಎಲೆ ಇಲ್ಲೀದು, ಬಣ್ಣ ಅಲ್ಲೀದು" ಎಂದು ಮೇಷ್ಟ್ರು ನಕ್ಕರು.

ನೀರು ತುಂಬಿಸಿ, ಕಾಂಗೋ ನೀರಿನ ಬಣ್ಣ ಬರಲೆಂದು ಬಾದಾಮಿ ಎಲೆಯ ಕಷಾಯ ಸುರಿದಾಗ ತೊಟ್ಟಿ ಕಪ್ಪಗಾಯಿತು. ಬಗ್ಗಿ ನೋಡಿದರೆ ನನ್ನ ಮುಖವೇ ಕಂದು ಬಣ್ಣದಲ್ಲಿ ಕಾಣುತ್ತಿತ್ತು. ಇದೇನು ಮೇಷ್ಟ್ರೇ, ಹಾಳು ಬಾವಿ ಥರ ಇದೆ ಅಂದೆ. "ಅಲ್ಲಿ ತಳ ಕಾಣಬಾರದು ಕಣಯ್ಯಾ" ಅಂದರು. ಅದು ಯಾಕೋ ನನಗೆ ಹಿಡಿಸಲಿಲ್ಲ.

ಬಿಸಿ ದೇಶದ ಮೀನುಗಳು. ನೀರನ್ನು ಬೆಚ್ಚಗಿಡಲು ಒಳಗೆ ಮುಳುಗಿಸಿಡುವ ಗಾಜಿನ ಹೀಟರ್ ಬೇಕಿತ್ತು. ಅದರ ವೈರಿಂಗ್ ನನ್ನ ಪಾಲಿಗೆ ಬಂತು. ಮೀನಿನ ಅಂಗಡಿಯವನು ಹಬ್ಬಕ್ಕೆ ಊರಿಗೆ ಹೊರಟವನು ಆಯುಧಪೂಜೆಯ ಮಧ್ಯಾಹ್ನವೇ ಮೀನಿನ ಚೀಲಗಳನ್ನು ತಂದುಕೊಟ್ಟ. ಎರಡು ದಿನದಿಂದ ಮಳೆ, ಚಳಿ. ಮೇಷ್ಟ್ರು ನಮ್ಮ ಬಾಗಿಲಿಗೆ ಬಂದು ನಿಂತರು. ನನ್ನ ಸಾಮಾನೆಲ್ಲ ತೊಳೆದು, ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಾಗಿತ್ತು. ಪೂಜೆಗಿಟ್ಟದ್ದನ್ನು ಮಾರನೆಯ ದಿನ ಕದಲಿಸುವ ತನಕ ಮುಟ್ಟುವಂತಿಲ್ಲ. ನಾನು ಬರಿಗೈಯಲ್ಲಿ ಹೋದೆ. ಅವರ ಮನೆಯ ಸ್ಕ್ರೂಡ್ರೈವರು, ತರಕಾರಿ ಚಾಕು. ಟೆಸ್ಟರ್ ಇರಲಿಲ್ಲ.

ಹಳೆಯ ವೈರಿಂಗಿನಲ್ಲಿ ಎರಡು ವೈರೂ ಕಪ್ಪು. ಕರೆಂಟು ಬರುವುದು ಒಂದರಲ್ಲಿ, ವಾಪಸು ಹೋಗುವುದು ಇನ್ನೊಂದರಲ್ಲಿ. ಸ್ವಿಚ್ಚು ಬರುವ ವೈರನ್ನೇ ತಡೆಯಬೇಕು. ಹೋಗುವುದನ್ನು ತಡೆದರೂ ಹೀಟರಿನ ದೀಪ ಆರುತ್ತದೆ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ, ಆದರೆ ಒಳಗೆ ಕರೆಂಟು ಕಾದು ಕೂತಿರುತ್ತದೆ. ಯಾವುದು ಯಾವುದೆಂದು ಟೆಸ್ಟರ್ ಇಟ್ಟು ನೋಡಬೇಕು. ನಾನು ಅಂದಾಜಿನಲ್ಲಿ ಒಂದನ್ನು ಹಿಡಿದು ಸ್ವಿಚ್ಚಿಗೆ ಕೊಟ್ಟೆ. ಆ ಮನೆಗೆ ಅರ್ಥಿಂಗೂ ಇರಲಿಲ್ಲ. ಹೀಟರಿನ ಮೂರು ಪಿನ್ನಿನ ಪ್ಲಗ್ ಕತ್ತರಿಸಿ ವೈರನ್ನು ನೇರವಾಗಿ ಬೋರ್ಡಿಗೆ ಕೊಟ್ಟೆ. ನಾಳೆ ಬಂದು ಸರಿಯಾಗಿ ನೋಡುತ್ತೇನೆ ಅಂದೆ. ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ...

ಎರಡು ತಿಂಗಳು ಏನೂ ಆಗಲಿಲ್ಲ. ಭಾನುವಾರ ಬೆಳಿಗ್ಗೆ ನೀರು ಬದಲಿಸುವಾಗ ಮೇಷ್ಟ್ರು "ಸ್ವಿಚ್ ಆಫ್ ಮಾಡಮ್ಮ" ಎಂದು ಸೊಸೆಯನ್ನು ಕೂಗುವುದು ನಮ್ಮ ಮನೆಗೂ ಕೇಳುತ್ತಿತ್ತು. ಆ ಭಾನುವಾರವೂ ಕೇಳಿತು. ಬಿಸಿಯಾಗಿದ್ದ ಹೀಟರಿಗೆ ತಣ್ಣೀರು ಬಿದ್ದು ಅದರ ಗಾಜು ಸೀಳಿತ್ತು. ಮೇಷ್ಟ್ರು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೈ ಹಾಕಿದ್ದರು. ಸೊಸೆಯ ಕಿರುಚಾಟಕ್ಕೆ ನಾನು ಓಡಿಹೋಗಿ ಮೇನ್ ಇಳಿಸುವಷ್ಟರಲ್ಲಿ ಮುಗಿದಿತ್ತು.

ಅವರನ್ನು ಆಸ್ಪತ್ರೆಗೆ ಒಯ್ದ ಮೇಲೆ ನಾನೊಬ್ಬನೇ ಉಳಿದೆ. ಬೋರ್ಡಿನ ಸ್ವಿಚ್ಚು ಆಫ್ ಆಗಿತ್ತು. ಮನೆಯಿಂದ ನನ್ನ ಟೆಸ್ಟರ್ ತಂದು, ಮೇನ್ ಏರಿಸಿ, ಹೀಟರಿನ ವೈರಿಗೆ ಇಟ್ಟೆ. ಟೆಸ್ಟರಿನ ದೀಪ ಉರಿಯಿತು. ಮತ್ತೆ ಮೇನ್ ಇಳಿಸಿ ನಾನು ಆ ವೈರನ್ನು ಕಿತ್ತು, ಸುತ್ತಿ, ಜೇಬಿಗೆ ಹಾಕಿಕೊಂಡೆ.

ಸಂಜೆ ನೆಂಟರೆಲ್ಲ ಸೇರಿದ್ದರು. ಮಗ ಹೆಂಡತಿಯನ್ನು ಎಲ್ಲರೆದುರು ಕೇಳಿದ. "ಆಫ್ ಮಾಡ್ದೆ ಅಂತೀಯಲ್ಲ, ಮತ್ತೆ ಅಪ್ಪ ಹೆಂಗೆ ಹೋದ್ರು?"

"ಮಾಡಿದ್ದೆ ಕಣ್ರೀ. ಕೈಯಾರೆ ಮಾಡಿದ್ದೆ." ಅವಳು ನನ್ನ ಕಡೆ ತಿರುಗಿದಳು. "ಅಂಕಲ್, ನೀವು ಹೇಳಿ. ಆಫ್ ಮಾಡಿದ್ಮೇಲೂ ಕರೆಂಟ್ ಇರುತ್ತಾ?"

ಎಲ್ಲರೂ ನನ್ನನ್ನು ನೋಡಿದರು. ಆ ಬೀದಿಯಲ್ಲಿ ಕರೆಂಟಿನ ವಿಷಯಕ್ಕೆ ನನ್ನ ಮಾತೇ ಕೊನೆ.

"ಆಫ್ ಆಗಿದ್ರೆ ಇರಲ್ಲಮ್ಮ" ಅಂದೆ.

ವೈಕುಂಠ ಸಮಾರಾಧನೆಯ ದಿನ ನನ್ನ ಎಲೆಗೆ ಪಾಯಸ ಬಡಿಸುತ್ತಾ ಅವಳು ಮೆಲ್ಲಗೆ ಹೇಳಿದಳು: "ನಾನೇ ಮರ್ತಿರ್ಬೇಕು, ಅಂಕಲ್. ನೀವು ಹೇಳಿದ್ಮೇಲೆ ಗೊತ್ತಾಯ್ತು." ನಾನು ಆ ಪಾಯಸ ಉಂಡೆ. ಸಂಕ್ರಾಂತಿಗೆ ಮುಂಚೆಯೇ ಅವಳನ್ನು ತವರಿಗೆ ಕಳಿಸಿದರು. ಅವಳು ವಾಪಸು ಬರಲಿಲ್ಲ.

ಈಗ ಆ ಮನೆ ಇಲ್ಲ, ನಾಲ್ಕು ಅಂತಸ್ತು ಎದ್ದಿದೆ. ಅವಳು ವಿದ್ಯಾರಣ್ಯಪುರದಲ್ಲಿ ಅಕ್ಕನ ಜೊತೆ ಇದ್ದಾಳೆ. ಮನೆಯಿಂದ ಹೊರಟವಳು ಗೇಟಿನ ತನಕ ಬಂದು, ಸ್ವಿಚ್ಚು ನೋಡಲು ಮೂರು ಸಲ ಒಳಗೆ ಹೋಗುತ್ತಾಳಂತೆ. ಬಸ್ಸು ತಪ್ಪಿಸಿಕೊಳ್ಳುತ್ತಾಳಂತೆ. ನನ್ನ ಹೆಂಡತಿ ಅಲ್ಲಿನ ಸ್ಟಾಪಿನಲ್ಲಿ ಅವಳ ಅಕ್ಕನನ್ನು ಕಂಡು ಬಂದು ಹೇಳಿದಾಗ ನಾನು ಪೇಪರ್ ಓದುವವನಂತೆ ಕೂತಿದ್ದೆ.

ಆ ಮನೆ ಇದ್ದಾಗ ಅಲ್ಲಿ ಮೇಷ್ಟ್ರ ಫೋಟೋದ ಮುಂದೆ ಎಷ್ಟೋ ಸಲ ಕೈ ಮುಗಿದು ತಪ್ಪಾಯಿತು ಅಂದಿದ್ದೇನೆ. ಸತ್ತವರ ಮುಂದೆ ಅದು ಸುಲಭ. ಬದುಕಿರುವವಳ ಬಾಗಿಲಿಗೆ ಇದುವರೆಗೆ ಹೋಗಿಲ್ಲ. ನಮಗೆಲ್ಲ ಅವಳು ಬರೀ ಮೇಷ್ಟ್ರ ಸೊಸೆ. ಆದರೆ ಅವಳಿಗೊಂದು ಹೆಸರಿದೆ, ಅವಳು ಅವತ್ತು ಹೇಳಿದ್ದು ನಿಜ.

ಸುಕನ್ಯಾ.