ಕೊಟ್ರೇಶಪ್ಪನವರ ಭಾನುವಾರದ ಸೈಕಲ್

ರಾಯದುರ್ಗದ ಜೀನ್ಸ್ ಕಟಿಂಗ್ ಮಾಸ್ತರ ಕೊಟ್ರೇಶಪ್ಪನವರು ಭಾನುವಾರ ಗೇರ್ ಸೈಕಲ್ ಹತ್ತಿದರೆ ತಲೆಗೆ ಹೆಲ್ಮೆಟ್, ಕೈಗೆ ಗ್ಲೌಸು, ಸೀಟಿಗೆ ತಾವೇ ಹೊಲಿದ ಜೀನ್ಸ್ ಮೆತ್ತೆ. ಬಿಗಿಯಾದ ಸೈಕಲ್ ಚಡ್ಡಿಯ ಮೇಲೆ ಮಾತ್ರ ಲುಂಗಿ. ಊರು ದಾಟಿದ ಮೇಲೆಯೇ ಅದನ್ನು ಬಿಚ್ಚುತ್ತಾರೆ. "ಲುಂಗಿ ಯಾಕ್ರಿ ಮಾಸ್ತರ?" ಎಂದರೆ "ಬೀಗರ ಮನಿ ಇದೇ ಓಣ್ಯಾಗ ಐತಪ್ಪ" ಎನ್ನುತ್ತಾರೆ. ವಾಪಸು ಬರುವಾಗ ತಮ್ಮ ಮನೆಯ ಮುಂದಿನ ದಿಬ್ಬದಲ್ಲಿ ಇಳಿದು, ಸರಿಯಾಗಿಯೇ ಇರುವ ಗೇರನ್ನು ರಿಪೇರಿ ಮಾಡುತ್ತಾ ನಿಲ್ಲುತ್ತಿದ್ದರು. ವರ್ಷಗಟ್ಟಲೆ ಬಟ್ಟೆಯ ಧೂಳು ಕುಡಿದ ಎದೆಗೆ ಉಸಿರು ಸಾಲದೆಂದು ಹೆಂಡತಿ ಅನ್ನದಾನಮ್ಮನವರಿಗೆ ಗೊತ್ತಿತ್ತು. ಗಂಡ ಬರುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದರು. ಒಂದು ಭಾನುವಾರ ಮಾಸ್ತರು ಇಳಿಯದೆ, ತುಳಿದುಕೊಂಡೇ ದಿಬ್ಬ ಹತ್ತಿ ಬಂದರು. "ದಮ್ಮು ಹತ್ತಲಿಲ್ಲೇನ್ರಿ?" ಎಂದು ಕೇಳಿದರು ಅನ್ನದಾನಮ್ಮ. "ಇಲ್ಲ ನೋಡು, ನನಗೂ ಈಗ ಗೊತ್ತಾತು" ಎಂದು ಮಾಸ್ತರು ಕೆಮ್ಮದೆ ನಕ್ಕರು. ಮರುವಾರ ಅವರು ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ; ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.